ದೇವನಾರ್‌ನ ಕ್ರಿಮಿನಾಲಜಿ ವಿಭಾಗ ಏನ್ಮಾಡತ್ತೆ? ಪದೇ ಪದೇ ಕೇಳೋ ಪ್ರಶ್ನೆಗಳು

ಮಾಟುಂಗಾ, ಡೊಂಬಿವಲಿ, ಪುಣೆ, ವಾಸ್ಕೊ, ಎಲ್ಲಿ ನಮ್ಮ ಕನ್ನಡದವರು ಸಿಕ್ಕಿದ್ರೂ ಮುಂಬೈ ದೇವನಾರ್‌ನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿರೋ ಕ್ರಿಮಿನಾಲಜಿ (ಅಪರಾಧಶಾಸ್ತ್ರ) ವಿಭಾಗದ ಬಗ್ಗೆ ಇದೇ ಪ್ರಶ್ನೆಗಳು ಬರ್ತವೆ. ಕೆಲವು ಪತ್ರದಲ್ಲಿ ಬಂದವು, ಜಾಸ್ತಿ ವಾಟ್ಸಾಪಲ್ಲಿ ಬಂದವು. ಎಲ್ಲಾ ಒಂದೇ ಕಡೆ ಹಾಕಿದೀನಿ, ಕೇಳಿದವರ ಮಾತನ್ನ ತಿದ್ದಿಲ್ಲ, ಹೆಸರು ಮಾತ್ರ ತೆಗ್ದಿದೀನಿ. ನಾನು ವಿಭಾಗದ ವಕ್ತಾರ ಅಲ್ಲ, ಕೈದಿಗಳ ಮನೆಯವರ ಜೊತೆ ಕೋರ್ಟು ಕಚೇರಿ ಓಡಾಡೋನು, ಹಾಗಾಗಿ ಉತ್ತರಗಳು ಆ ಕಡೆಗೇ ಸ್ವಲ್ಪ ವಾಲಿದ್ರೆ ಸಹಿಸ್ಕೊಳ್ಳಿ.

ಶುರುವಿನ ಪ್ರಶ್ನೆಗಳು

ಕ್ರಿಮಿನಾಲಜಿ ಓದಿದ್ರೆ ಸಿಐಡಿ ತರ ಕಳ್ಳರನ್ನ ಹಿಡಿಯೋ ಕೆಲ್ಸ ಸಿಗತ್ತಾ ಅಣ್ಣಾ?

ಇಲ್ಲ. ಕಳ್ಳನ್ನ ಹಿಡಿಯೋದು ಪೊಲೀಸ್ರ ಕೆಲ್ಸ, ರಕ್ತದ ಕಲೆ, ಬೆರಳಚ್ಚು, ಡಿಎನ್‌ಎ ನೋಡೋದು ಫೊರೆನ್ಸಿಕ್‌ನವರ ಕೆಲ್ಸ. ಕ್ರಿಮಿನಾಲಜಿಯವರು ಕೇಳೋ ಪ್ರಶ್ನೆಗಳೇ ಬೇರೆ: ಯಾವ ಜಾಗದಲ್ಲಿ, ಯಾವ ಹೊತ್ತಲ್ಲಿ, ಯಾರ ಮೇಲೆ ಅಪರಾಧ ಜಾಸ್ತಿ ಆಗತ್ತೆ, ಯಾರನ್ನ ಅರೆಸ್ಟ್ ಮಾಡ್ತಾರೆ ಯಾರನ್ನ ಬಿಡ್ತಾರೆ, ಜೈಲಿಗೆ ಹೋದೋನು ಹೊರಗೆ ಬಂದ್ಮೇಲೆ ಏನಾಗ್ತಾನೆ, ಪೆಟ್ಟು ತಿಂದವರಿಗೆ ಏನ್ ಸಿಕ್ತು. ಮುಂಬೈ ಲೋಕಲ್‌ನಲ್ಲಿ ನಿಮ್ಮ ಫೋನ್ ಹೋದ್ರೆ ಅದನ್ನ ವಾಪಸ್ ತಂದುಕೊಡೋಕೆ ಇವರಿಗಾಗಲ್ಲ. ಆದ್ರೆ ಕಂಪ್ಲೇಂಟೇ ಬರ್ಕೊಳ್ಳದೆ ಕಳ್ಸಿದ್ರೆ ಆ ಕಳ್ಳತನ ಸರ್ಕಾರದ ಲೆಕ್ಕದಲ್ಲಿ ಎಲ್ಲಿ ಮಾಯ ಆಗತ್ತೆ ಅಂತ ಹೇಳಬಲ್ಲರು.

ಮುಂಬೈಲಿ ಈ ವಿಭಾಗ ಎಲ್ಲಿದೆ? ಹೊಸದಾ ಹಳೇದಾ?

ದೇವನಾರ್‌ನಲ್ಲಿರೋ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಒಳಗಿದೆ, ಎಲ್ಲರೂ ಟಿಸ್ ಅಂತಾರೆ. ಸಂಸ್ಥೆ ಶುರುವಾಗಿದ್ದು 1936ರಲ್ಲಿ, ಆಗ ಅದು ಬರೀ ಸೋಷಿಯಲ್ ವರ್ಕ್ ಸ್ಕೂಲು, 1964ರಲ್ಲಿ ಡೀಮ್ಡ್ ಯೂನಿವರ್ಸಿಟಿ ಆಯ್ತು. 1950ರ ದಶಕದಿಂದ ಇಲ್ಲಿ ಅಪರಾಧ ಮತ್ತು ಜೈಲು ಆಡಳಿತದ ಪಾಠ ನಡೀತಿದೆ, ಈಗಿನ ಹೆಸರು ಸೆಂಟರ್ ಫಾರ್ ಕ್ರಿಮಿನಾಲಜಿ ಅಂಡ್ ಜಸ್ಟಿಸ್. ದೇಶದಲ್ಲಿ ಕ್ರಿಮಿನಾಲಜಿ ಮತ್ತೆ ಫೊರೆನ್ಸಿಕ್‌ಗೇ ಅಂತ ಯೂನಿವರ್ಸಿಟಿ ವಿಭಾಗ ಮೊದ್ಲು ಆಗಿದ್ದು ಮಧ್ಯಪ್ರದೇಶದ ಸಾಗರದಲ್ಲಿ, 1959ರಲ್ಲಿ (ನಮ್ಮ ಶಿವಮೊಗ್ಗದ ಸಾಗರ ಅಲ್ಲ, ಎರಡು ಸಲ ಈ ಗೊಂದಲ ಆಗಿದೆ). ಬೇರೆ ಕಡೆ ಇದು ಸೈನ್ಸ್ ಅಥವಾ ಸೈಕಾಲಜಿ ಪಕ್ಕ ಬೆಳೀತು, ದೇವನಾರ್‌ನಲ್ಲಿ ಸೋಷಿಯಲ್ ವರ್ಕ್ ಹೊಟ್ಟೇಲಿ ಹುಟ್ತು, ಅದಕ್ಕೇ ಇವರ ಓದು ಲ್ಯಾಬಿಗಿಂತ ಜೈಲು, ಠಾಣೆ, ರಸ್ತೆ ಕಡೆ ಜಾಸ್ತಿ.

ಕಲೀನಾದಲ್ಲಿ ಫೊರೆನ್ಸಿಕ್ ಲ್ಯಾಬ್ ಇದ್ಯಲ್ಲ, ಅದೂ ಇವರದ್ದೇನಾ?

ಅಲ್ಲ, ಅದು ಮಹಾರಾಷ್ಟ್ರ ಸರ್ಕಾರದ್ದು. ಮುಂಬೈ ಯೂನಿವರ್ಸಿಟಿ ಕನ್ನಡ ವಿಭಾಗಕ್ಕೆ ಅಂತ ಕಲೀನಾ ಕಡೆ ಹೋಗೋರು ಆ ಬೋರ್ಡ್ ನೋಡಿರ್ತೀರಿ, ಅದರಿಂದ ಈ ಪ್ರಶ್ನೆ.

ಊರಿಗೆ ಹತ್ರ ಎಲ್ಲಾದ್ರೂ ಓದಕ್ಕಾಗಲ್ವಾ? ಮುಂಬೈ ಹಾಸ್ಟೆಲ್ ಖರ್ಚು ತಡೆಯಲ್ಲ

ಆಗತ್ತೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್ ವಿಭಾಗ ಬಹಳ ವರ್ಷಗಳಿಂದ ಇದೆ. ಲ್ಯಾಬ್ ಕಡೆ ಆಸೆ ಇದ್ದವರಿಗೆ ರಾಷ್ಟ್ರೀಯ ಫೊರೆನ್ಸಿಕ್ ಸೈನ್ಸಸ್ ಯೂನಿವರ್ಸಿಟಿ ಇದೆ, ಮುಖ್ಯ ಕ್ಯಾಂಪಸ್ ಗುಜರಾತಿನ ಗಾಂಧಿನಗರದಲ್ಲಿ, ಗೋವಾದ ಫೋಂಡಾದಲ್ಲೂ ಧಾರವಾಡದಲ್ಲೂ ಅದರ ಕ್ಯಾಂಪಸ್ ಇವೆ. ಗೋವಾದಲ್ಲಿರೋ ನಮ್ಮ ಮಕ್ಕಳಿಗೆ ಫೋಂಡಾ ಮನೆ ಬಾಗಿಲಲ್ಲೇ ಇದ್ದಂಗೆ. ಸೇರೋಕೆ ಮುಂಚೆ ಒಂದ್ಸಲ ಯೋಚ್ನೆ ಮಾಡಿ, ನಿಮಗೆ ಬೇಕಿರೋದು ಮೈಕ್ರೋಸ್ಕೋಪಾ ಮನುಷ್ಯರಾ ಅಂತ. ಎರಡೂ ಒಂದೇ ಅಂದ್ಕೊಂಡು ಸೇರಿ ಎರಡನೇ ಸೆಮಿಸ್ಟರಲ್ಲಿ ಅಳೋರು ಸುಮಾರು ಜನ ಇದಾರೆ.

ಕೆಲಸ, ಸಾಧನೆ, ಲಾಭ

ಪೇಪರ್ ಬರೀತಾರೆ, ಸೆಮಿನಾರ್ ಮಾಡ್ತಾರೆ, ಸಮೋಸ ತಿಂತಾರೆ. ಜನಕ್ಕೇನ್ ಲಾಭ ಮಾರಾಯ್ರೆ?

ಸಮೋಸ ವಿಷಯ ನಿಜ. ಆದ್ರೆ ಟಿಸ್‌ನಲ್ಲಿ ಫೀಲ್ಡ್ ಆಕ್ಷನ್ ಪ್ರಾಜೆಕ್ಟ್ ಅಂತ ಒಂದು ಪದ್ಧತಿ ಇದೆ, ಬರೀ ಸಮಸ್ಯೆ ಅಳೆದು ಬಿಡೋದಲ್ಲ, ಅಲ್ಲೇ ಕೂತು ಏನಾದ್ರೂ ಮಾಡಿ ತೋರ್ಸೋದು, ಸರಿ ಹೋದ್ರೆ ಸರ್ಕಾರ ತಗೊಳ್ಳಲಿ ಅನ್ನೋದು. ದೊಡ್ಡ ಉದಾಹರಣೆ 1984ರಲ್ಲಿ ಮುಂಬೈ ಪೊಲೀಸ್ ವ್ಯವಸ್ಥೆ ಒಳಗೇ ಶುರುವಾದ ಮಹಿಳೆಯರು ಮತ್ತು ಮಕ್ಕಳ ಸ್ಪೆಷಲ್ ಸೆಲ್. ಆಗ ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡೋ 498ಎ ಕಾನೂನು ಬಂದು ಒಂದು ವರ್ಷ ಆಗಿತ್ತಷ್ಟೆ, ಕೌಟುಂಬಿಕ ದೌರ್ಜನ್ಯ ಕಾಯ್ದೆ ಬರೋಕೆ ಇನ್ನೂ ಇಪ್ಪತ್ತು ವರ್ಷಕ್ಕೂ ಮೇಲೆ ಬಾಕಿ. ಗಂಡ ಹೊಡ್ದ ಅಂತ ಠಾಣೆಗೆ ಬಂದ ಹೆಂಗಸಿಗೆ 'ಮನೆಗೆ ಹೋಗಮ್ಮ, ಅಡ್ಜಸ್ಟ್ ಮಾಡ್ಕೊ' ಅನ್ನೋದೇ ವಾಡಿಕೆ ಆಗಿದ್ದ ಕಾಲದಲ್ಲಿ ಠಾಣೆ ಒಳಗೆ ಖಾಕಿ ಹಾಕ್ದೇ ಇರೋ ಒಬ್ಬ ಟ್ರೇನಿಂಗ್ ಆದ ಸೋಷಿಯಲ್ ವರ್ಕರ್ ಕೂತಿರೋದು ಸಣ್ಣ ಮಾತಲ್ಲ. ಮುಂದೆ ಮಹಾರಾಷ್ಟ್ರ ಸರ್ಕಾರ ಅದನ್ನ ರಾಜ್ಯದಲ್ಲೆಲ್ಲ ಹರಡ್ತು, ಬೇರೆ ರಾಜ್ಯಗಳೂ ನಕಲು ಮಾಡಿದ್ವು.

ಇನ್ನೊಂದು ಪ್ರಯಾಸ್, 1990ರಲ್ಲಿ ಕ್ರಿಮಿನಾಲಜಿ ವಿಭಾಗದಿಂದಲೇ ಶುರುವಾಗಿದ್ದು. ಇವರ ಸೋಷಿಯಲ್ ವರ್ಕರ್‌ಗಳು ಜೈಲೊಳಗೆ ಹೋಗ್ತಾರೆ, ವಕೀಲ ಇಲ್ಲದೋರಿಗೆ ಲೀಗಲ್ ಏಡ್ ಕೊಡಿಸ್ತಾರೆ, ಮನೆಯವರಿಗೆ ಸುದ್ದಿ ಮುಟ್ಟಿಸ್ತಾರೆ, ಹೊರಗೆ ಬಂದವರಿಗೆ ಕೆಲಸದ ದಾರಿ ತೋರಿಸ್ತಾರೆ. ನನ್ನನ್ನ ಕೇಳಿದ್ರೆ ವಿಭಾಗದ ಅತಿ ದೊಡ್ಡ ಸಾಧನೆ ಯಾವ ಪೇಪರೂ ಅಲ್ಲ, ಇದೇ. ಅರೆಸ್ಟ್ ತನಕ ಎಲ್ಲರಿಗೂ ಕುತೂಹಲ, ಪೇಪರಲ್ಲಿ ಫೋಟೋ, ಟಿವೀಲಿ ಚರ್ಚೆ. ಅರೆಸ್ಟ್ ಆದ ಮಾರನೇ ದಿನದಿಂದ ಆ ಮನುಷ್ಯನ್ನ ಹಿಂಬಾಲಿಸಿ ಲೆಕ್ಕ ಇಟ್ಟವರು ಈ ದೇಶದಲ್ಲಿ ಬೆರಳೆಣಿಕೆ.

ಬಿಹಾರದ ಬಾಲಿಕಾ ಗೃಹದ ಕೇಸು ಹೊರಗೆ ತಂದಿದ್ದು ಟಿಸ್‌ನವರೇ ಅಂತಾರೆ, ನಿಜಾನಾ?

ನಿಜ, ಆದ್ರೆ ಕ್ರಿಮಿನಾಲಜಿ ಕ್ಲಾಸಿಂದ ಅಲ್ಲ, ಅದೇ ಸಂಸ್ಥೆಯ ಕೋಶಿಶ್ ಅನ್ನೋ ಇನ್ನೊಂದು ಪ್ರಾಜೆಕ್ಟಿನವರು. ಕೋಶಿಶ್ 2006ರಿಂದ ಭಿಕ್ಷೆ ಬೇಡೋರು, ಮನೆ ಇಲ್ದೋರ ಜೊತೆ ಕೆಲ್ಸ ಮಾಡತ್ತೆ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಪ್ರಕಾರ ಭಿಕ್ಷೆ ಬೇಡಿದ್ರೇ ಹಿಡಿದು ಒಳಗೆ ಹಾಕಬಹುದು, ದೇವನಾರ್ ಹತ್ರದ ಚೆಂಬೂರಲ್ಲೇ ಅಂಥ ಗೃಹ ಇದೆ. ಆ ಅನುಭವ ಇದ್ದವರಿಗೆ ಬಿಹಾರ ಸರ್ಕಾರ ತನ್ನ ಆಶ್ರಯ ಮನೆಗಳ ಸೋಷಿಯಲ್ ಆಡಿಟ್ (ಒಳಗೆ ಹೇಗೆ ನಡೀತಿದೆ ಅನ್ನೋ ತಪಾಸಣೆ) ಮಾಡೋಕೆ ಕೊಡ್ತು. ನೂರಕ್ಕೂ ಮೇಲೆ ಮನೆಗಳಿಗೆ ಹೋಗಿ ನೋಡಿದ್ರು, 2018ರಲ್ಲಿ ರಿಪೋರ್ಟ್ ಕೊಟ್ರು, ಅದ್ರಲ್ಲಿ ಮುಜಫ್ಫರ್‌ಪುರದ ಹುಡುಗೀರ ಮೇಲಿನ ದೌರ್ಜನ್ಯ ಬಯಲಾಯ್ತು. ಸಿಬಿಐ ತನಿಖೆ, ವಿಚಾರಣೆ ದೆಹಲಿಗೆ ವರ್ಗ, 2020ರ ಜನವರಿಯಲ್ಲಿ 19 ಜನ ತಪ್ಪಿತಸ್ಥರು ಅಂತ ತೀರ್ಪು, ಮುಖ್ಯ ಆರೋಪಿಗೆ ಸಾಯೋ ತನಕ ಜೈಲು. ಗಮನಿಸ್ಬೇಕಾದ್ದು ಏನಂದ್ರೆ, ಆ ಮನೆಗಳಿಗೆ ಮುಂಚೆನೂ ಅಧಿಕಾರಿಗಳು ಇನ್ಸ್‌ಪೆಕ್ಷನ್‌ಗೆ ಬಂದುಹೋಗ್ತಿದ್ರು. ಇವರು ಮಕ್ಕಳನ್ನೇ ಮಾತಾಡ್ಸಿದ್ರು.

ನಮ್ಮ ಹುಡ್ಗಂದು ಜಾಮೀನು ಆಗೇತಿ ಅಂತ ವಕೀಲರು ಹೇಳ್ಯಾರ, ಆದ್ರ ಜೈಲಿನ್ಯಾಗ ಇನ್ನೂ ಬಿಟ್ಟಿಲ್ಲ. ಯಾಕ್ರಿ?

ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಜಾಸ್ತಿ ಬರೋದು, ಸ್ವಲ್ಪ ಉದ್ದ ಹೇಳ್ತೀನಿ. ಯಾದಗಿರಿ ಕಡೆ ಹುಡುಗ, ಕಲ್ಯಾಣದಲ್ಲಿ ಸೆಂಟ್ರಿಂಗ್ ಕೆಲ್ಸ, ಯಾವುದೋ ಕಳ್ಳತನದ ಕೇಸಲ್ಲಿ ಒಳಗೆ ಹೋದ ಅಂತ ಇಟ್ಕೊಳ್ಳಿ. ಕೋರ್ಟು ಹದಿನೈದು ಸಾವಿರಕ್ಕೆ ಒಬ್ಬ ಜಾಮೀನುದಾರನ ಮೇಲೆ ಬಿಡ್ತೀನಿ ಅಂತು. ಆರ್ಡರ್ ಆಯ್ತು, ಮನೇಲಿ ಸಿಹಿ ಹಂಚಿದ್ರು. ಈಗ ಆ ಜಾಮೀನುದಾರ ಎಲ್ಲಿಂದ ಬರ್ಬೇಕು? ಅವನ ಹತ್ರ ರೇಷನ್ ಕಾರ್ಡ್ ಬೇಕು, ಆಧಾರ್ ಬೇಕು, ಸ್ಯಾಲರಿ ಸ್ಲಿಪ್ಪೋ ಮನೆ ತೆರಿಗೆ ರಸೀದಿಯೋ ಬೇಕು, ಅದೂ ಇಲ್ಲೀದೇ ಆಗ್ಬೇಕು. ಜೊತೆ ಕೆಲ್ಸದೋರು ತಗಡಿನ ಶೆಡ್ಡಲ್ಲಿರೋರು, ಅಗ್ರಿಮೆಂಟೇ ಇಲ್ಲ. ಕಂಟ್ರಾಕ್ಟರ್ ಫೋನ್ ಎತ್ತಲ್ಲ. ತಾಯಿ ಊರಿಂದ ಎರಡು ಎಕರೆ ಹೊಲದ ಪಹಣಿ ಸೀರೆ ಸೆರಗಲ್ಲಿ ಕಟ್ಕೊಂಡು ರಾತ್ರಿ ರೈಲಲ್ಲಿ ಬರ್ತಾಳೆ, ಪಹಣಿ ಇರೋದು ಕನ್ನಡದಲ್ಲಿ, ಕೌಂಟರಲ್ಲಿರೋರಿಗೆ ಓದೋಕೆ ಬರಲ್ಲ, ಓದಿದ್ರೂ ಆಸ್ತಿ ಬೇರೆ ರಾಜ್ಯದ್ದು. ಹುಡುಗ ಒಳಗೇ. ಮೂರನೇ ತಾರೀಖ್ ಹೊತ್ತಿಗೆ ಯಾರೋ ಏಜೆಂಟ್ ಬಂದು ಶ್ಯೂರಿಟಿ ನಾನು ತರ್ತೀನಿ, ಇಷ್ಟು ಕೊಡಿ ಅಂತಾನೆ. ದಯವಿಟ್ಟು ಅವನ ಕೈಗೆ ದುಡ್ಡು ಕೊಡ್ಬೇಡಿ, ನಕಲಿ ಕಾಗದ ಸಿಕ್ಕಿಬಿದ್ರೆ ಇನ್ನೊಂದು ಕೇಸು.

ಇದು ಹೊಸ ರೋಗ ಅಲ್ಲ. 1978ರಲ್ಲೇ ಮೋತಿರಾಮ್ ಅನ್ನೋ ಗಾರೆ ಕೆಲಸದವನ ಕೇಸಲ್ಲಿ, ಆಸ್ತಿ ಬೇರೆ ಜಿಲ್ಲೇಲಿದೆ ಅಂತ ಅವನ ಅಣ್ಣತಮ್ಮನ ಶ್ಯೂರಿಟಿ ತಿರಸ್ಕಾರ ಮಾಡಿದ್ದಕ್ಕೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತುಂಬಾ ಬೈದಿದ್ರು, ಒಬ್ಬ ಕನ್ನಡಿಗನೋ ಮಲಯಾಳಿಯೋ ದೂರದ ಊರಲ್ಲಿ ಅರೆಸ್ಟ್ ಆದ್ರೆ ಅಲ್ಲಿ ಆಸ್ತಿ ಇರೋ ಜಾಮೀನುದಾರನ್ನ ಎಲ್ಲಿಂದ ತರ್ತಾನೆ ಅಂತ ತೀರ್ಪಲ್ಲೇ ಕೇಳಿದ್ರು. ನಮ್ಮ ಹೆಸರು ಎತ್ತಿ ಹೇಳಿದ ತೀರ್ಪು, ಆದ್ರೂ ನಮ್ಮೋರಿಗೇ ಗೊತ್ತಿಲ್ಲ. 2023ರ ಜನವರಿ 31ಕ್ಕೆ ಸುಪ್ರೀಂ ಕೋರ್ಟು ಮತ್ತೆ ಸೂಚನೆ ಕೊಡ್ತು: ಜಾಮೀನು ಸಿಕ್ಕಿ ಏಳು ದಿನದೊಳಗೆ ಕೈದಿ ಹೊರಗೆ ಹೋಗ್ಲಿಲ್ಲ ಅಂದ್ರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸ್ಬೇಕು, ಒಂದು ತಿಂಗಳಾದ್ರೂ ಬಾಂಡ್ ಕೊಡೋಕಾಗ್ಲಿಲ್ಲ ಅಂದ್ರೆ ಕೋರ್ಟು ತಾನೇ ಷರತ್ತು ಸಡಿಲ ಮಾಡೋದನ್ನ ನೋಡ್ಬಹುದು, ಲೋಕಲ್ ಶ್ಯೂರಿಟಿನೇ ಬೇಕು ಅಂತ ಹಟ ಮಾಡಬಾರ್ದು.

ಹಾಗಾಗಿ ನೀವು ಮಾಡ್ಬೇಕಾದ್ದು: ವಕೀಲರಿಗೆ ಪ್ರಾವಿಷನಲ್ ಕ್ಯಾಶ್ ಬೇಲ್‌ಗೆ ಅರ್ಜಿ ಹಾಕೋಕೆ ಹೇಳಿ, ಮುಂಬೈ ಕೋರ್ಟುಗಳಲ್ಲಿ ಇದು ನಡೆಯತ್ತೆ, ಈಗ ದುಡ್ಡು ಕಟ್ಟಿ ಹೊರಗೆ ಬಂದು ಕೆಲವು ವಾರದೊಳಗೆ ಶ್ಯೂರಿಟಿ ತರೋದು. ದುಡ್ಡೂ ಇಲ್ಲ ಅಂದ್ರೆ ಸ್ವಂತ ಬಾಂಡ್ ಮೇಲೆ ಬಿಡಿ ಅಂತ ಕೇಳ್ಬೇಕು. ಅದೇ ಕೋರ್ಟ್ ಆವರಣದಲ್ಲಿ ಲೀಗಲ್ ಏಡ್ ಆಫೀಸ್ ಇರತ್ತೆ, ಅಲ್ಲಿ ಫೀಸಿಲ್ಲ. ಕೇಂದ್ರ ಸರ್ಕಾರದ ಬಡ ಕೈದಿಗಳ ನೆರವಿನ ಯೋಜನೆ 2023ರಿಂದ ಇದೆ, ವಿಚಾರಣಾಧೀನ ಕೈದಿಯ ಜಾಮೀನಿಗೂ ಶಿಕ್ಷೆ ಆದವರ ದಂಡ ಕಟ್ಟೋಕೂ ಜಿಲ್ಲಾ ಮಟ್ಟದ ಸಮಿತಿ ದುಡ್ಡು ಮಂಜೂರು ಮಾಡತ್ತೆ (2023ರಲ್ಲಿ ಶುರುವಾದಾಗ ಮಿತಿ ಜಾಮೀನಿಗೆ ₹40,000, ದಂಡಕ್ಕೆ ₹25,000 ಇತ್ತು). ಯಾರೂ ನಿಮ್ಮನ್ನ ಕರೆದು ಕೊಡಲ್ಲ, ಕೇಳ್ಬೇಕು.

ಹೊಸ ಕಾನೂನಲ್ಲಿ ಶಿಕ್ಷೆಯ ಮೂರನೇ ಒಂದು ಭಾಗ ಕಳೆದ್ರೆ ಬಿಟ್ಟುಬಿಡ್ತಾರಂತೆ ಹೌದಾ?

ಎಲ್ಲರನ್ನೂ ಅಲ್ಲ. 2024ರ ಜುಲೈ 1ರಿಂದ ಜಾರಿ ಆದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಇದು ವಿಚಾರಣಾಧೀನ ಕೈದಿಗಳಿಗೆ. ಹಿಂದೆ ಯಾವತ್ತೂ ಶಿಕ್ಷೆ ಆಗಿರದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ರೆ, ಉಳಿದವರು ಅರ್ಧ ಕಳೆದಿದ್ರೆ ಬಿಡುಗಡೆಗೆ ಅರ್ಹರು, ಅರ್ಜಿ ಹಾಕೋ ಜವಾಬ್ದಾರಿ ಜೈಲು ಸೂಪರಿಂಟೆಂಡೆಂಟ್‌ದು. ಮರಣದಂಡನೆ ಅಥವಾ ಜೀವಾವಧಿ ಬೀಳಬಹುದಾದ ಕೇಸಿಗೆ ಇದು ಇಲ್ಲ, ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ರೂ ಇಲ್ಲ. ಹಳೇ ಕೇಸುಗಳಿಗೂ ಅನ್ವಯ ಅಂತ ಸುಪ್ರೀಂ ಕೋರ್ಟು 2024ರ ಆಗಸ್ಟಲ್ಲಿ ಹೇಳ್ತು. ಇದು ಯಾಕೆ ದೊಡ್ಡ ವಿಷ್ಯ ಅಂದ್ರೆ 2022ರ ಕೊನೇಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು, ಅಂದ್ರೆ ನಾಲ್ಕರಲ್ಲಿ ಮೂರು ಜನಕ್ಕೆ ಇನ್ನೂ ತೀರ್ಪೇ ಆಗಿಲ್ಲ.

ಲೆಕ್ಕದ ಪ್ರಶ್ನೆಗಳು

ಪುಣೆ ದೇಶದ ಎರಡನೇ ಸೇಫ್ ಸಿಟಿ ಅಂತ ಪೇಪರಲ್ಲಿ ಬಂತು, ನಮ್ಮ ಸೊಸೈಟೀಲಿ ವಾರಕ್ಕೊಂದು ಗಾಡಿ ಹೋಗತ್ತೆ. ಯಾವ್ದು ನಿಜ?

ಎರಡೂ ನಿಜ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2022ರ ಲೆಕ್ಕದಲ್ಲಿ ದೊಡ್ಡ ನಗರಗಳ ಪೈಕಿ ಲಕ್ಷ ಜನಕ್ಕೆ ಕೊಲ್ಕತ್ತಾದಲ್ಲಿ 86.5, ಪುಣೇಲಿ 280.7, ಹೈದರಾಬಾದಲ್ಲಿ 299.2 ಕೇಸು ಅಂತಿದೆ, ಪೇಪರಿನವರು ಅದನ್ನ ಸೇಫ್ ಅಂತ ಬರೆದ್ರು. ಆದ್ರೆ ಅದು ದಾಖಲಾದ ಕೇಸುಗಳ ಲೆಕ್ಕ, ನಡೆದ ಅಪರಾಧದ್ದಲ್ಲ. ಠಾಣೇಲಿ ಎಫ್‌ಐಆರ್ ಬರ್ಕೊಂಡಷ್ಟೂ ನಿಮ್ಮ ಊರು 'ಅಪಾಯದ ಊರು' ಆಗತ್ತೆ, ಓಡ್ಸಿದಷ್ಟೂ 'ಸೇಫ್' ಆಗತ್ತೆ. ಇನ್ನೊಂದು ಮಜಾ ನಿಯಮ ಇದೆ: ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ರೆ ಅತಿ ದೊಡ್ಡದು ಒಂದನ್ನೇ ಎಣಿಸ್ತಾರೆ, ಅತ್ಯಾಚಾರ ಮಾಡಿ ಕೊಲೆ ಮಾಡಿದ್ರೆ ಅತ್ಯಾಚಾರದ ಲೆಕ್ಕಕ್ಕೆ ಸೇರಲ್ಲ. ಉಡುಪಿ ಹೋಟೆಲ್ ಬಿಲ್ಲಲ್ಲಿ ದೋಸೆ ಒಂದೇ ಬರ್ದು ವಡೆ ಕಾಫಿ ಬಿಟ್ಟಂಗೆ.

ಇದಕ್ಕೆ ಕ್ರಿಮಿನಾಲಜಿಯವರ ಮದ್ದು ವಿಕ್ಟಿಮ್ ಸರ್ವೆ. ಠಾಣೆಗೆ ಹೋಗೋದೇ ಇಲ್ಲ, ಮನೆ ಮನೆಗೆ ಹೋಗಿ ಕಳೆದ ವರ್ಷ ನಿಮಗೆ ಏನಾಯ್ತು, ಕಂಪ್ಲೇಂಟ್ ಕೊಟ್ರಾ, ಬರ್ಕೊಂಡ್ರಾ ಅಂತ ಕೇಳೋದು. ಅಂತಾರಾಷ್ಟ್ರೀಯ ವಿಕ್ಟಿಮ್ ಸರ್ವೆ 1990ರ ದಶಕದಲ್ಲೇ ಬಾಂಬೇಲಿ ನಡೆದಿತ್ತು. ಆಮೇಲೆ ಮುಂಬೈ, ದೆಹಲಿ, ಬೆಂಗಳೂರು, ಚೆನ್ನೈ ನಾಲ್ಕೂ ಕಡೆ ಇಪ್ಪತ್ತು ಸಾವಿರಕ್ಕೂ ಮೇಲೆ ಮನೆಗಳಲ್ಲಿ ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್‌ನವರು ಸರ್ವೆ ಮಾಡಿದ್ರು, ಕಳ್ಳತನ ಆದ ನೂರು ಜನರಲ್ಲಿ ಹತ್ತು ಜನದ್ದೂ ಎಫ್‌ಐಆರ್ ಆಗಿರ್ಲಿಲ್ಲ. ನಿಮ್ಮ ಸೊಸೈಟಿ ಗಾಡಿ ವಿಷ್ಯದಲ್ಲಿ ಮಾತ್ರ ಎಫ್‌ಐಆರ್ ಜಾಸ್ತಿ ಆಗ್ತವೆ, ಯಾಕಂದ್ರೆ ಇನ್ಶೂರೆನ್ಸ್‌ಗೆ ಕಾಪಿ ಬೇಕು.

ಗೋವಾದಲ್ಲಿ ಏನೇ ಆದ್ರೂ ನಮ್ಮೋರ ಮೇಲೇ ಬರತ್ತೆ ಅಕ್ಕಾ ಅಂತ ನನ್ ತಮ್ಮ ಝುವಾರಿನಗರದಿಂದ ಹೇಳ್ತಿದ್ದ. ಹೊರಗಿನೋರೇ ಜಾಸ್ತಿ ಕ್ರೈಂ ಮಾಡ್ತಾರೆ ಅನ್ನೋದು ಪ್ರೂವ್ ಆಗಿದ್ಯಾ?

ಅರೆಸ್ಟ್ ಪಟ್ಟಿ ನೋಡಿ ಹೀಗೆ ತೀರ್ಮಾನ ಮಾಡೋದು ತಪ್ಪು ಅನ್ನೋದೇ ಕ್ರಿಮಿನಾಲಜಿಯ ಮೊದಲ ಪಾಠ. ವಲಸೆ ಬಂದವರಲ್ಲಿ ಹದಿನೆಂಟರಿಂದ ಮೂವತ್ತೈದರ ಗಂಡಸರೇ ಜಾಸ್ತಿ, ಜಗತ್ತಲ್ಲಿ ಎಲ್ಲಿ ನೋಡಿದ್ರೂ ಬೀದಿ ಅಪರಾಧದಲ್ಲಿ ಸಿಗೋದು ಇದೇ ವಯಸ್ಸಿನವರು, ಹಾಗಾಗಿ ಹೋಲಿಸೋದಾದ್ರೆ ಸ್ಥಳೀಯರ ಇದೇ ವಯಸ್ಸಿನ ಗಂಡಸರ ಜೊತೆ ಹೋಲಿಸ್ಬೇಕು, ಅಜ್ಜಿ ಮಕ್ಕಳು ಎಲ್ಲಾ ಸೇರಿದ ಜನಸಂಖ್ಯೆ ಜೊತೆ ಅಲ್ಲ. ಎರಡನೇದು, ಶೆಡ್ಡು, ಬಾಡಿಗೆ ರೂಮು, ಬಸ್‌ಸ್ಟ್ಯಾಂಡಲ್ಲಿ ಇರೋರ ಕಡೆ ಪೊಲೀಸ್ರ ಕಣ್ಣು ಜಾಸ್ತಿ, ಹುಡುಕಿದ ಕಡೆನೇ ಸಿಗೋದು. ಮೂರನೇದು ಯಾರೂ ಗಮನಿಸಲ್ಲ: ಜೈಲಿನ ಅಂಕಿಅಂಶ ಪ್ರತಿ ವರ್ಷ ಡಿಸೆಂಬರ್ 31ಕ್ಕೆ ಒಳಗೆ ಇರೋರನ್ನ ಎಣಿಸಿದ್ದು. ಇಬ್ಬರು ಒಂದೇ ತಪ್ಪಿಗೆ ಒಳಗೆ ಹೋದ್ರು, ಮಡಗಾಂವ್ ಹುಡುಗನಿಗೆ ಮಾವ ಬಂದು ಶ್ಯೂರಿಟಿ ನಿಂತ, ನಾಲ್ಕು ದಿನದಲ್ಲಿ ಹೊರಗೆ. ಕೊಪ್ಪಳದ ಹುಡುಗನಿಗೆ ಯಾರೂ ಇಲ್ಲ, ಎಂಟು ತಿಂಗಳು ಕೋಲ್ವಾಳ ಜೈಲಲ್ಲಿ. ಎಣಿಸೋ ದಿನ ಸಿಗೋನು ಯಾರು? ಮಾರನೇ ವರ್ಷ ಅದೇ ಪಟ್ಟಿ ತೋರ್ಸಿ 'ನೋಡಿ, ಜೈಲಲ್ಲಿ ಘಾಂಟಿಗಳೇ ತುಂಬಿದಾರೆ' ಅಂತ ಭಾಷಣ (ಘಾಂಟಿ ಅಂದ್ರೆ ಘಟ್ಟದ ಆಚೆಯಿಂದ ಬಂದೋರು ಅಂತ ಹೀಗಳೆಯೋ ಮಾತು).

ಹುಬ್ಬಳ್ಳಿ, ಗದಗಿನ್ಯಾಗ ಸೆಟ್ಲಮೆಂಟ್ ಅಂತ ಏರಿಯಾ ಅದಾವಲ್ರಿ, ಅದಕ್ಕೂ ಈ ಕ್ರಿಮಿನಾಲಜಿಗೂ ಸಂಬಂಧ ಐತಿ ಅಂತಾರ?

ಐತ್ರಿ, ಒಳ್ಳೇ ಪ್ರಶ್ನೆ. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಪ್ರಕಾರ ಕೆಲವು ಸಮುದಾಯದಲ್ಲಿ ಹುಟ್ಟಿದ್ರೇ ಕಳ್ಳ ಅಂತ ಬ್ರಿಟಿಷರು ಬರ್ದಿಟ್ರು. ಬಾಂಬೆ ಪ್ರೆಸಿಡೆನ್ಸೀಲಿ ಅಂಥೋರನ್ನ ಬೇಲಿ ಹಾಕಿ ಕೂಡಿಟ್ಟ ಜಾಗಗಳೇ ಹುಬ್ಬಳ್ಳಿ, ಗದಗ, ವಿಜಯಪುರ, ಸೋಲಾಪುರದ ಸೆಟ್ಲಮೆಂಟುಗಳು, ಹಾಜರಿ ಹಾಕ್ಬೇಕು, ಪಾಸ್ ಇಲ್ದೆ ಹೊರಗೆ ಹೋಗೋಹಾಗಿಲ್ಲ, ಮಿಲ್ಲಲ್ಲಿ ದುಡೀಬೇಕು. ಇದಕ್ಕೆ ವಿಜ್ಞಾನದ ಹೆಸರು ಕೊಟ್ಟಿದ್ದೂ ಆ ಕಾಲದ ಅಪರಾಧಶಾಸ್ತ್ರವೇ, ಈ ಶಾಸ್ತ್ರದ ತಲೆ ಮೇಲೆ ಆ ಪಾಪ ಇದೆ. 1952ರಲ್ಲಿ ಕಾಯ್ದೆ ಹೋಯ್ತು, ಹ್ಯಾಬಿಚುವಲ್ ಅಫೆಂಡರ್ (ರೂಢಿಗತ ಅಪರಾಧಿ) ಕಾಯ್ದೆಗಳು ಅದೇ ಜಾಗಕ್ಕೆ ಬಂದ್ವು, ಪೊಲೀಸ್ ಡೈರಿಯಿಂದ ಹೆಸರು ಹೋಗ್ಲಿಲ್ಲ.

ಈಗಿನ ಸಂಶೋಧನೆ ಇದನ್ನ ತಿರುಗಿಸಿ ನೋಡ್ತಿದೆ. ಟಿಸ್‌ನಲ್ಲೇ ವಿಮುಕ್ತ (ಅಂದ್ರೆ ಆ ಹಳೇ ಕಾಯ್ದೆಯ ಪಟ್ಟಿಯಿಂದ ಹೊರಬಂದ) ಮತ್ತು ಅಲೆಮಾರಿ ಸಮುದಾಯಗಳ ಜೊತೆ ಕೆಲಸ ಮಾಡೋ ತಾಂಡಾ ಅನ್ನೋ ಪ್ರಾಜೆಕ್ಟ್ ಇದೆ. ಮುಂಬೈನ ಪತ್ರಕರ್ತೆ ಸುಕನ್ಯಾ ಶಾಂತಾ ಜೈಲುಗಳಲ್ಲಿ ಜಾತಿ ನೋಡಿ ಕೆಲ್ಸ ಹಂಚೋದನ್ನ 2020ರಲ್ಲಿ ಬರೆದು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದ್ರು. 2024ರ ಅಕ್ಟೋಬರ್ 3ರ ತೀರ್ಪು ಅಂಥ ನಿಯಮಗಳನ್ನ ರದ್ದು ಮಾಡ್ತು, ಜೈಲು ರಿಜಿಸ್ಟರಿನ ಜಾತಿ ಕಾಲಂ ತೆಗೀರಿ ಅಂತು, ವಿಮುಕ್ತ ಸಮುದಾಯದವರನ್ನ ಮನಬಂದಂತೆ ಹಿಡೀಬಾರ್ದು ಅಂತ ಪೊಲೀಸ್ರಿಗೂ ಹೇಳ್ತು. ಡೈರಿಯಿಂದ ಹೆಸರು ನಿಜವಾಗ್ಲೂ ಹೋಯ್ತಾ ಅಂತ ಠಾಣೆ ಠಾಣೆಗೆ ಹೋಗಿ ನೋಡೋದೇ ಒಂದು ಪಿಎಚ್‌ಡಿ ಆಗತ್ತೆ, ಧಾರವಾಡದ ಹುಡುಗ್ರು ಯಾರಾದ್ರೂ ಮಾಡಿ.

ಸ್ವಲ್ಪ ಆಳಕ್ಕೆ

ಪುಣೇಲಿ ಬ್ರೈನ್ ಸ್ಕ್ಯಾನ್ ಮಾಡಿ ಕೊಲೆ ಸಾಬೀತು ಮಾಡಿದ್ರಲ್ಲ, ಈಗ್ಯಾಕೆ ಎಲ್ಲಾ ಕೇಸಿಗೂ ಮಾಡ್ಬಾರ್ದು?

ಯಾಕಂದ್ರೆ ಅದು ಸಾಬೀತು ಮಾಡ್ಲಿಲ್ಲ. 2008ರ ಜೂನಲ್ಲಿ ಪುಣೆ ಕೋರ್ಟು ಒಬ್ಬ ಎಂಬಿಎ ವಿದ್ಯಾರ್ಥಿನಿಗೆ, ಮಾಜಿ ಪ್ರಿಯಕರನಿಗೆ ವಿಷ ಹಾಕಿದ ಪ್ರಸಾದ ಕೊಟ್ಟಳು ಅಂತ ಜೀವಾವಧಿ ವಿಧಿಸ್ತು, ಬೇರೆ ಸಾಕ್ಷಿಗಳ ಜೊತೆ ಬ್ರೈನ್ ಟೆಸ್ಟನ್ನೂ ಪರಿಗಣಿಸ್ತು, ಜಗತ್ತಿನ ಪತ್ರಿಕೆಗಳೆಲ್ಲ ಬರೆದ್ವು. ಟೆಸ್ಟ್ ರೂಪಿಸಿದವರು ಬೆಂಗಳೂರು ನಿಮ್ಹಾನ್ಸ್‌ನಲ್ಲಿದ್ದ ಸಿ. ಆರ್. ಮುಕುಂದನ್. ತಲೆಗೆ ಎಲೆಕ್ಟ್ರೋಡ್ ಟೋಪಿ ಹಾಕಿ, ಕಣ್ಣು ಮುಚ್ಚಿಸಿ, 'ನಾನು ವಿಷ ಕೊಂಡೆ' ಅನ್ನೋ ತರದ ವಾಕ್ಯ ಕೇಳಿಸ್ತಾರೆ, ಮೆದುಳಿನ ವಿದ್ಯುತ್ ಅಲೆ ನೋಡಿ ಇದು ಅವಳ ಸ್ವಂತ ಅನುಭವವಾ ಅಲ್ವಾ ಅಂತ ಹೇಳ್ತೀವಿ ಅನ್ನೋದು ವಾದ. ಸ್ವತಂತ್ರವಾಗಿ ಬೇರೆಯವರು ಪರೀಕ್ಷಿಸಿ ಒಪ್ಪಿದ ಆಧಾರ ಇರ್ಲಿಲ್ಲ. ವಿಚಿತ್ರ ಅಂದ್ರೆ ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿಯೇ ಇದು ವೈಜ್ಞಾನಿಕ ಅಲ್ಲ, ನಿಲ್ಸಿ ಅಂತ ವರದಿ ಕೊಟ್ಟಿತ್ತು. ಆಕೆಗೆ ಆಮೇಲೆ ಹೈಕೋರ್ಟಲ್ಲಿ ಜಾಮೀನು ಸಿಕ್ತು. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಲ್ಲಿ ಸುಪ್ರೀಂ ಕೋರ್ಟು ನಾರ್ಕೋ (ಮಂಪರು ಪರೀಕ್ಷೆ), ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ), ಬ್ರೈನ್ ಟೆಸ್ಟು ಮೂರನ್ನೂ ಒಪ್ಪಿಗೆ ಇಲ್ದೆ ಯಾರ ಮೇಲೂ ಮಾಡೋಹಾಗಿಲ್ಲ ಅಂತು. ಆದ್ರೂ ಪ್ರತೀ ದೊಡ್ಡ ಕೇಸಲ್ಲಿ ಟಿವಿಯವರು ನಾರ್ಕೋ ನಾರ್ಕೋ ಅಂತ ಕೂಗೋದು ನಿಂತಿಲ್ಲ.

ಡಿಜಿಟಲ್ ಅರೆಸ್ಟ್‌ಗೆ ಓದಿದೋರೇ ಬೀಳ್ತಾರಲ್ಲ, ಇದರ ಬಗ್ಗೆ ಏನಾದ್ರೂ ಥಿಯರಿ ಇದ್ಯಾ?

ಇದೆ, ಅದೂ ನಮ್ಮ ದೇಶದ್ದೇ. ತಮಿಳುನಾಡಿನ ತಿರುನೆಲ್ವೇಲಿ ಯೂನಿವರ್ಸಿಟೀಲಿದ್ದ ಕೆ. ಜೈಶಂಕರ್ 2007ರಲ್ಲಿ ಸೈಬರ್ ಕ್ರಿಮಿನಾಲಜಿಗೇ ಅಂತ ಒಂದು ಅಂತಾರಾಷ್ಟ್ರೀಯ ಜರ್ನಲ್ ಶುರು ಮಾಡಿದ್ರು. ಅವರ ಸ್ಪೇಸ್ ಟ್ರಾನ್ಸಿಷನ್ ಥಿಯರಿ ಹೇಳೋದು, ಎದುರಾಎದುರು ಮಾಡೋಕೆ ಅಂಜೋ ಕೆಲಸವನ್ನ ಮನುಷ್ಯ ಆನ್‌ಲೈನಲ್ಲಿ ಮಾಡ್ತಾನೆ, ಯಾಕಂದ್ರೆ ಗುರುತು ಬದಲಿಸ್ಬಹುದು, ಸಿಕ್ಕಿಬೀಳೋ ಭಯ ಕಮ್ಮಿ. ಬೀಳೋರ ಕಡೆಯಿಂದ ನೋಡಿದ್ರೆ, ಓದಿದೋರಿಗೆ, ರಿಟೈರ್ ಆದೋರಿಗೆ ಪೊಲೀಸು ಕೋರ್ಟು ಅಂದ್ರೆ ಮರ್ಯಾದೆ ಭಯ ಜಾಸ್ತಿ, ಉಳಿತಾಯವೂ ಜಾಸ್ತಿ, ವಂಚಕರಿಗೆ ಬೇಕಾಗಿರೋದು ಇವೆರಡೇ. ಡಿಜಿಟಲ್ ಅರೆಸ್ಟ್ ಅಂದ್ರೆ ಪೊಲೀಸ್ ಅಂತ ನಟಿಸಿ ವಿಡಿಯೋ ಕಾಲಲ್ಲೇ ಹೆದರಿಸಿ ದುಡ್ಡು ಕೀಳೋದು, ಕಾನೂನಲ್ಲಿ ಅಂಥದ್ದೇ ಇಲ್ಲ. 2024ರಲ್ಲಿ ದೇಶದಲ್ಲಿ ಸೈಬರ್ ವಂಚನೆಗೆ ಹೋದ ದುಡ್ಡು ₹22,845 ಕೋಟಿ ಅಂತ ಸರ್ಕಾರವೇ ಸಂಸತ್ತಲ್ಲಿ ಹೇಳ್ತು. ದುಡ್ಡು ಹೋದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮಗ ಆಫೀಸಿಂದ ಬರ್ಲಿ ಆಮೇಲೆ ನೋಡೋಣ ಅನ್ಬೇಡಿ, ಮೊದಲ ಒಂದೆರಡು ಗಂಟೇಲಿ ಮಾತ್ರ ಅಕೌಂಟ್ ತಡೆಯೋ ಚಾನ್ಸ್ ಜಾಸ್ತಿ.

ಗಲ್ಲು ಕೇಸಲ್ಲಿ ಕ್ರಿಮಿನಾಲಜಿಯವರಿಗೆ ಏನ್ ಕೆಲ್ಸ?

ಈಗ ತುಂಬಾ ಇದೆ. ಸುಪ್ರೀಂ ಕೋರ್ಟಿನ 2022ರ ಮನೋಜ್ ಕೇಸಿನ ತೀರ್ಪಿನ ನಂತರ ಗಲ್ಲು ಶಿಕ್ಷೆ ಕೊಡೋ ಮುಂಚೆ ಆ ವ್ಯಕ್ತಿಯ ಬಾಲ್ಯ, ಮಾನಸಿಕ ಆರೋಗ್ಯ, ಜೈಲಲ್ಲಿ ನಡತೆ ಇವುಗಳ ವರದಿ ಕೋರ್ಟು ತರಿಸ್ಕೊಳ್ಬೇಕು. ಆ ವರದಿ ಬರೆಯೋಕೆ ಕೈದಿ ಹುಟ್ಟಿದ ಊರಿಗೆ ಹೋಗಿ ತಾಯಿ, ಶಾಲೆ ಮೇಷ್ಟ್ರು, ಅಕ್ಕಪಕ್ಕದವರ ಜೊತೆ ತಾಸುಗಟ್ಟಲೆ ಮಾತಾಡ್ಬೇಕು, ಸೋಷಿಯಲ್ ವರ್ಕ್ ಮತ್ತೆ ಕ್ರಿಮಿನಾಲಜಿ ಓದಿದೋರು ಈ ಕೆಲ್ಸಕ್ಕೆ ಬೇಕು. ದೆಹಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಪ್ರಾಜೆಕ್ಟ್ 39ಎ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ ಗಲ್ಲು ಕೈದಿಗಳಲ್ಲಿ ಶೇಕಡ 62 ಜನಕ್ಕೆ ಯಾವುದಾದ್ರೊಂದು ಮಾನಸಿಕ ಕಾಯಿಲೆ ಇತ್ತು.

ಓದೋಕೆ ಹೊರಟವರಿಗೆ

ಮಗಳು ಸೇರ್ತೀನಿ ಅಂತಾಳೆ, ಜೈಲಿಗೆಲ್ಲ ಹೋಗ್ಬೇಕಂತೆ. ಕಳಿಸ್ಲಾ? ಕೆಲ್ಸ ಸಿಗತ್ತಾ?

ಕಳ್ಸಿ. ಫೀಲ್ಡ್‌ವರ್ಕ್ ಕಡ್ಡಾಯ, ಜೈಲು, ಬಾಲನ್ಯಾಯ ಮಂಡಳಿ, ಠಾಣೆ ಎಲ್ಲಾ ಕಡೆ ಹಾಕ್ತಾರೆ, ಒಬ್ಬೊಬ್ಬರನ್ನೇ ಬಿಡಲ್ಲ, ಮೇಲೆ ಸೂಪರ್‌ವೈಸರ್ ಇರ್ತಾರೆ. ಸಂಬಳದ ಬಗ್ಗೆ ಸುಳ್ಳು ಹೇಳಲ್ಲ, ಎನ್‌ಜಿಒ ಕಡೆ ಹೋದ್ರೆ ಐಟಿ ಹುಡುಗ್ರ ಮುಂದೆ ಹೇಳ್ಕೊಳ್ಳೋ ಹಾಗಿರಲ್ಲ. ಪ್ರೊಬೇಷನ್ ಆಫೀಸರ್, ಜೈಲು ವೆಲ್ಫೇರ್ ಆಫೀಸರ್, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬ್ಯಾಂಕುಗಳ ಫ್ರಾಡ್ ವಿಭಾಗ, ಪೊಲೀಸ್ ಟ್ರೇನಿಂಗ್ ಅಕಾಡೆಮಿ, ಇವು ಬಾಗಿಲುಗಳು. ಪಾಠ ಮಾಡೋ ಆಸೆ ಇದ್ರೆ ನೆಟ್ ಪರೀಕ್ಷೇಲಿ ಕ್ರಿಮಿನಾಲಜಿ ಅಂತ ಬೇರೆ ಸಬ್ಜೆಕ್ಟೇ ಇದೆ.

ಕನ್ನಡ ಬಂದ್ರೆ ಮುಂಬೈ ಜೈಲಲ್ಲಿ ರಿಸರ್ಚ್ ಮಾಡೋಕೆ ಏನಾದ್ರೂ ಉಪಯೋಗ ಇದ್ಯಾ? ಪರ್ಮಿಷನ್ ಎಲ್ಲಿ ಸಿಗತ್ತೆ?

ಉಪಯೋಗ ನೀವಂದ್ಕೊಂಡಿದ್ದಕ್ಕಿಂತ ಜಾಸ್ತಿ. ಆರ್ಥರ್ ರೋಡ್, ಕಲ್ಯಾಣ, ಥಾಣೆ, ಯೆರವಡಾ ಎಲ್ಲಾ ಜೈಲಲ್ಲೂ ಕನ್ನಡ, ತುಳು ಮಾತಾಡೋರು ಇದಾರೆ, ರಿಸರ್ಚ್ ಪ್ರಶ್ನಾವಳಿ ಮಾತ್ರ ಮರಾಠಿ, ಹಿಂದೀಲಿ ಇರತ್ತೆ. ಹಿಂದೀಲಿ ಕೇಳಿದ್ರೆ ಕೈದಿ 'ಹಾ ಸಾಬ್, ಠೀಕ್ ಹೈ ಸಾಬ್' ಅಂತ ಮುಗಿಸ್ತಾನೆ, ಊರ ಭಾಷೇಲಿ ಕೇಳಿದ್ರೆ ವಕೀಲ ಎಷ್ಟು ತಗೊಂಡ, ಮನೆಗೆ ಯಾರು ಸುದ್ದಿ ಹೇಳಿದ್ರು ಅಂತ ಶುರು ಮಾಡ್ತಾನೆ. ಪರ್ಮಿಷನ್‌ಗೆ ಮೊದ್ಲು ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಿಗೆ, ಆಮೇಲೆ ಗೈಡ್ ಪತ್ರ ಮತ್ತೆ ಪ್ರಶ್ನಾವಳಿ ಸಮೇತ ಪುಣೇಲಿರೋ ಮಹಾರಾಷ್ಟ್ರ ಕಾರಾಗೃಹ ಇಲಾಖೆ ಮುಖ್ಯ ಕಚೇರಿಗೆ ಅರ್ಜಿ. ತಿಂಗಳುಗಟ್ಟಲೆ ಹಿಡಿಯತ್ತೆ, ಫೋನ್, ರೆಕಾರ್ಡರ್ ಒಳಗೆ ಬಿಡಲ್ಲ, ಪೆನ್ನು ಪುಸ್ತಕವೇ ಗತಿ. ಪಕ್ಕದಲ್ಲಿ ಸಿಪಾಯಿ ನಿಂತಿದ್ರೆ ಕೈದಿ ಕೊಟ್ಟ ಒಪ್ಪಿಗೆ ಒಪ್ಪಿಗೆ ಅಲ್ಲ, ಅವತ್ತು ಪ್ರಶ್ನೆ ಕೇಳ್ಬೇಡಿ, ಊರು ಯಾವ್ದು ಮಳೆ ಆಯ್ತಾ ಅಂತ ಮಾತಾಡ್ಸಿ ಬನ್ನಿ. ಮತ್ತೆ ನಿಮ್ಮನ್ನ ಅವರು ಜಾಮೀನು ಕೊಡ್ಸೋರು ಅಂದ್ಕೊಂಡುಬಿಡ್ತಾರೆ, ಮೊದಲ ದಿನವೇ ನಾನು ವಕೀಲ ಅಲ್ಲ ಅಂತ ಬಿಡಿಸಿ ಹೇಳಿ, ಹೇಳಿದ್ಮೇಲೂ ಕಾಗದ ತೋರಿಸ್ತಾರೆ, ಆ ಕಾಗದ ಯಾವ ಕೋರ್ಟಿಂದು ಅಂತ ನೋಡ್ಕೊಂಡು ಅಲ್ಲಿನ ಲೀಗಲ್ ಏಡ್‌ನವರಿಗೆ ಮುಟ್ಸಿ.